‘ಲೇಡಿ ಸ್ಟೆನೋ’ ಅಂತ ಹೆಸರಿಟ್ಟರೆ ಸಂಬಳ ಯಾಕೆ ಕಮ್ಮಿಯಾಗುತ್ತೆ?

ಮುಂಬೈಯ ಒಂದು ಹಡಗು ವ್ಯವಹಾರದ ಕಂಪನಿ. 1970ರ ದಶಕದ ನಡುಭಾಗ. ಹೇಳಿದ್ದನ್ನು ಶೀಘ್ರಲಿಪಿಯಲ್ಲಿ ಬರೆದುಕೊಂಡು ಟೈಪ್ ಮಾಡಿ ಕೊಡುವ ಕೆಲಸಕ್ಕೆ ಅಲ್ಲಿ ಎರಡು ಹೆಸರಿದ್ದವು. ಗಂಡಸರು ‘ಸ್ಟೆನೋಗ್ರಾಫರ್’. ದೊಡ್ಡ ಅಧಿಕಾರಿಗಳ ಕೈಕೆಳಗೆ ಅದನ್ನೇ ಮಾಡುತ್ತಿದ್ದ ಹೆಂಗಸರು ‘ಕಾನ್ಫಿಡೆನ್ಷಿಯಲ್ ಲೇಡಿ ಸ್ಟೆನೋಗ್ರಾಫರ್’. ಹೆಸರಿನಲ್ಲೇ ‘ಲೇಡಿ’ ಇದೆ, ನೋಡಿ. ಸಂಬಳದ ಪಟ್ಟಿಯಲ್ಲೂ ಅವರ ಸಾಲು ಬೇರೆಯೇ ಇತ್ತು. ಆ ಸಾಲಿನಲ್ಲಿ ಹಣ ಕಮ್ಮಿ ಇತ್ತು.

ಆ ಸಾಲಿನಲ್ಲಿದ್ದ ಆಡ್ರೆ ಡಿಕೋಸ್ಟಾ ಅನ್ನುವ ಒಬ್ಬ ಹೆಣ್ಣುಮಗಳು ದೂರು ಕೊಟ್ಟರು. ಅದು ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಕಾನೂನು ಓದುವವರು ಇದನ್ನು ‘ಮ್ಯಾಕಿನನ್ ಮೆಕೆಂಜಿ ವಿರುದ್ಧ ಆಡ್ರೆ ಡಿಕೋಸ್ಟಾ’ ಅಂತ ಗುರುತಿಸುತ್ತಾರೆ. ತೀರ್ಪು ಬಂದದ್ದು 1987ರ ಮಾರ್ಚ್ 26ರಂದು. ಬರೆದವರು ನಮ್ಮ ಮಂಡ್ಯ ಜಿಲ್ಲೆಯ ಇ.ಎಸ್. ವೆಂಕಟರಾಮಯ್ಯ. ಮುಂದೆ 1989ರಲ್ಲಿ ಅವರು ದೇಶದ ಮುಖ್ಯ ನ್ಯಾಯಮೂರ್ತಿ ಆದರು. ಈಗ ಸುಪ್ರೀಂ ಕೋರ್ಟಿನಲ್ಲಿರುವ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಇವರದೇ ಮಗಳು.

ಗಂಡು ಹೆಣ್ಣಿನ ಸಂಬಳದಲ್ಲಿ ಯಾಕೆ ವ್ಯತ್ಯಾಸ ಬರುತ್ತೆ ಅಂತ ಕೇಳಿದರೆ ನೂರು ಕಾರಣ ಹೇಳುತ್ತಾರೆ. ಓದು ಕಮ್ಮಿ, ಅನುಭವ ಕಮ್ಮಿ, ಮಕ್ಕಳಾದ ಮೇಲೆ ಕೆಲಸ ಬಿಡ್ತಾರೆ, ರಾತ್ರಿ ಪಾಳಿಗೆ ಬರಲ್ಲ. ಇವೆಲ್ಲ ಇರುವ ಮಾತೇ. ಆದರೆ ಈ ಪ್ರಕರಣದಲ್ಲಿ ಅವ್ಯಾವುವೂ ಅಡ್ಡ ಬರುವುದಿಲ್ಲ. ಅದೇ ಕಂಪನಿ, ಅದೇ ಕೆಲಸ. ಹಾಗಿದ್ದೂ ಸಂಬಳ ಎರಡು. ಅದಕ್ಕೇ ಇದನ್ನು ಬಿಡಿಸಿ ನೋಡಬೇಕು ಅನಿಸಿತು.

ಮೊದಲು ಆ ಕೆಲಸ ಎಂಥದ್ದು ಅಂತ ನೋಡೋಣ. ಈಗಿನವರಿಗೆ ಸ್ಟೆನೋ ಅಂದರೆ ಏನಂತಲೇ ಗೊತ್ತಿರಲಿಕ್ಕಿಲ್ಲ. ನಮ್ಮ ಚಿಕ್ಕಮ್ಮ ಬೆಂಗಳೂರಿನ ಒಂದು ಖಾಸಗಿ ಕಂಪನಿಯಲ್ಲಿ ಆ ಕೆಲಸ ಮಾಡಿದವರು. ಅವರ ಹಳೇ ಟ್ರಂಕಿನಲ್ಲಿ ಶೀಘ್ರಲಿಪಿಯ ನೋಟ್‌ಬುಕ್ಕುಗಳು ಇನ್ನೂ ಇವೆ. ಪುಟದ ತುಂಬಾ ಪೆನ್ಸಿಲ್ಲಿನ ಸಣ್ಣ ಸಣ್ಣ ಗೆರೆಗಳು. ಕೆಲವು ತೆಳು, ಕೆಲವು ದಪ್ಪ. ಪಿಟ್‌ಮನ್ ಪದ್ಧತಿಯಲ್ಲಿ ತೆಳು ಗೆರೆ ಎಳೆದರೆ ‘ಪ’, ಅದೇ ಗೆರೆಯನ್ನು ಒತ್ತಿ ಎಳೆದರೆ ‘ಬ’. ಸಾಹೇಬರು ಕುರ್ಚಿಗೆ ಒರಗಿಕೊಂಡು ಹೇಳುತ್ತಾ ಹೋಗುತ್ತಾರೆ, ಇವರ ಕೈ ನಿಲ್ಲುವ ಹಾಗಿಲ್ಲ. ಆಮೇಲೆ ಬಂದು ಹಾಳೆಗಳ ನಡುವೆ ಕಾರ್ಬನ್ ಇಟ್ಟು ಟೈಪ್‌ರೈಟರಿಗೆ ಸುತ್ತಬೇಕು. ಒಂದು ಅಕ್ಷರ ತಪ್ಪಿದರೆ ಮೇಲಿನ ಹಾಳೆಯಲ್ಲೂ ಉಜ್ಜಬೇಕು, ಕೆಳಗಿನ ಒಂದೊಂದು ಪ್ರತಿಯಲ್ಲೂ ಉಜ್ಜಬೇಕು. ಸಾಹೇಬರ ವಾಕ್ಯ ತಪ್ಪಿದ್ದರೆ ಅದನ್ನೂ ಸುಮ್ನೆ ಸರಿ ಮಾಡಿಡಬೇಕು. ಗಂಡಸು ಮಾಡಿದರೂ ಅಷ್ಟೇ, ಹೆಂಗಸು ಮಾಡಿದರೂ ಅಷ್ಟೇ. ಟೈಪ್‌ರೈಟರಿಗೆ ವ್ಯತ್ಯಾಸ ಗೊತ್ತಾಗಲ್ಲ.

‘ನಿಮ್ಮ ಜೊತೆಗಿದ್ದ ಗಂಡಸರಿಗೆ ಎಷ್ಟು ಬರ್ತಿತ್ತು ಚಿಕ್ಕಮ್ಮ?’ ಅಂತ ಒಂದು ಸಲ ಕೇಳಿದೆ. ‘ಅದು ನಮಗೆಲ್ಲಿ ಗೊತ್ತಿತ್ತು ಮಗಾ? ಕವರು ಅವರವರ ಕೈಗೆ ಕೊಡ್ತಿದ್ರು. ಕೇಳಿದರೆ ಚೆನ್ನಾಗಿರ್ತಿರಲಿಲ್ಲ’ ಅಂದರು. ಪಕ್ಕದ ಮೇಜಿನವರ ಸಂಬಳ ಗೊತ್ತಿಲ್ಲದಿದ್ದರೆ ನಮಗೆ ಕಮ್ಮಿ ಬರ್ತಿದೆ ಅಂತ ಗೊತ್ತಾಗುವುದಾದರೂ ಹೇಗೆ?

ಮತ್ತೆ ಮುಂಬೈಗೆ ಬರೋಣ. ಮ್ಯಾಕಿನನ್ ಮೆಕೆಂಜಿ ಸಣ್ಣ ಸಂಸ್ಥೆಯಲ್ಲ. ಇಬ್ಬರು ಸ್ಕಾಟಿಷ್ ವ್ಯಾಪಾರಿಗಳು 1847ರಲ್ಲಿ ಕಲ್ಕತ್ತಾದಲ್ಲಿ ಶುರು ಮಾಡಿದ್ದು. ಬ್ರಿಟಿಷ್ ಹಡಗು ಕಂಪನಿಗಳ ಏಜೆಂಟರಾಗಿ ಬೆಳೆಯಿತು. 1975ರಲ್ಲಿ ಆಡಳಿತಕ್ಕೂ ನೌಕರರ ಯೂನಿಯನ್ನಿಗೂ ಸಂಬಳದ ಬಗ್ಗೆ ಒಂದು ಒಪ್ಪಂದವಾಯಿತು. ಅದರಲ್ಲಿ ಲೇಡಿ ಸ್ಟೆನೋಗಳಿಗೆ ಸಿಕ್ಕ ಸಂಬಳ ಗಂಡು ಸ್ಟೆನೋಗಳಿಗೆ ಸಿಕ್ಕಷ್ಟಿರಲಿಲ್ಲ.

ಅದೇ 1975 ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ಮಹಿಳಾ ವರ್ಷ. ಸೆಪ್ಟೆಂಬರ್ 26ರಂದು ಕೇಂದ್ರ ಸರ್ಕಾರ ಸಮಾನ ವೇತನದ ಸುಗ್ರೀವಾಜ್ಞೆ ಹೊರಡಿಸಿತು. 1976ರಲ್ಲಿ ಅದು ಕಾಯ್ದೆಯಾಯಿತು. ಗಂಡು ಹೆಣ್ಣಿಗೆ ಸಮಾನ ಕೆಲಸಕ್ಕೆ ಸಮಾನ ವೇತನ ಅನ್ನುವ ಮಾತು ಸಂವಿಧಾನದ 39ನೇ ವಿಧಿಯಲ್ಲಿ ಮೊದಲ ದಿನದಿಂದ ಇದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಸಮಾನ ವೇತನದ ಒಪ್ಪಂದಕ್ಕೆ ಭಾರತ 1958ರಲ್ಲೇ ಸಹಿ ಹಾಕಿತ್ತು. ಕಾನೂನು ಬರಲು ಅಲ್ಲಿಂದ 17 ವರ್ಷ ಬೇಕಾಯಿತು.

ಆಡ್ರೆ ಡಿಕೋಸ್ಟಾ ಅವರನ್ನು ಕಂಪನಿ 1977ರ ಜೂನ್ 13ರಂದು ಕೆಲಸದಿಂದ ತೆಗೆಯಿತು. ದೂರು ಕೊಟ್ಟದ್ದು ಆಮೇಲೆ. ಕಾಯ್ದೆ ಬಂದ ಮೇಲೂ ನನಗೆ ಗಂಡು ಸ್ಟೆನೋಗಳಿಗಿಂತ ಕಮ್ಮಿ ಕೊಟ್ಟಿದ್ದೀರಿ, ಆ ವ್ಯತ್ಯಾಸದ ಹಣ ಕೊಡಿ ಅಂತ ಕೇಳಿದರು. ಕೆಲಸ ಹೋದ ಮೇಲೆ ದೂರು ಬಂದದ್ದನ್ನು ನಾನು ಸಣ್ಣ ವಿಷಯ ಅಂದುಕೊಳ್ಳುವುದಿಲ್ಲ. ಅವರ ಮನಸ್ಸಿನಲ್ಲಿ ಏನಿತ್ತು ಅಂತ ಹೇಳುವ ಹಕ್ಕು ನನಗಿಲ್ಲ. ಆದರೆ ಕೆಲಸದಲ್ಲಿದ್ದುಕೊಂಡೇ ಧಣಿಯ ಮೇಲೆ ದೂರು ಕೊಡುವುದು ಎಷ್ಟು ಜನಕ್ಕೆ ಆಗುತ್ತೆ? ಬೆಳಗಾದರೆ ಅದೇ ಸಾಹೇಬರ ಎದುರು ನೋಟ್‌ಬುಕ್ ಹಿಡಿದು ಕೂರಬೇಕಲ್ವಾ?

ಕಂಪನಿ ಹೇಳಿದ್ದು ಇಷ್ಟು. ಇವರು ಹಿರಿಯ ಅಧಿಕಾರಿಗಳಿಗೆ ಅಂತಲೇ ಇಟ್ಟುಕೊಂಡ ಸ್ಟೆನೋಗಳು. ಸಾಮಾನ್ಯ ಸ್ಟೆನೋಗಳ ಗುಂಪೇ ಬೇರೆ, ಇವರ ವರ್ಗವೇ ಬೇರೆ. ಕೆಲಸ ಒಂದೇ ಅಲ್ಲ, ಹಾಗಾಗಿ ಸಂಬಳವೂ ಒಂದೇ ಇರಬೇಕಿಲ್ಲ. ಹೆಂಗಸು ಅನ್ನುವ ಕಾರಣಕ್ಕೆ ನಾವೇನೂ ಕಮ್ಮಿ ಕೊಟ್ಟಿಲ್ಲ.

ಈ ವಾದವನ್ನು ಮೊದಲ ಸಲ ಓದಿದಾಗ ನನಗೆ ಬೇಸರವಾಯಿತು. ಹಿರಿಯ ಅಧಿಕಾರಿಗಳ ಗುಟ್ಟಿನ ಪತ್ರಗಳೆಲ್ಲ ಈ ಹೆಂಗಸರ ಕೈಯಲ್ಲಿ ಹಾದುಹೋಗುತ್ತಿದ್ದವು. ‘ಕಾನ್ಫಿಡೆನ್ಷಿಯಲ್’ ಅನ್ನುವುದರ ಅರ್ಥವೇ ಅದು. ಅಷ್ಟು ನಂಬಿಕೆಯ ಕೆಲಸಕ್ಕೆ ನ್ಯಾಯವಾಗಿ ಒಂದು ರೂಪಾಯಿ ಜಾಸ್ತಿಯೇ ಸಿಗಬೇಕಿತ್ತು. ಸಿಕ್ಕಿದ್ದು ಕಮ್ಮಿ. ಕೆಲಸ ಬೇರೆ ಅನ್ನುವುದು ನಿಜವಾಗಿದ್ದರೂ ಕಮ್ಮಿ ಕೊಡಲು ಅದು ಕಾರಣವಾಗುತ್ತಿರಲಿಲ್ಲ.

ಕಾಯ್ದೆಯಡಿ ಮೊದಲು ದೂರು ಕೇಳಿದ ಪ್ರಾಧಿಕಾರ ಒಂದು ವಿಚಿತ್ರವಾದ ಆದೇಶ ಕೊಟ್ಟಿತು. ಗಂಡು ಸ್ಟೆನೋಗಳೂ ಲೇಡಿ ಸ್ಟೆನೋಗಳೂ ಒಂದೇ ಬಗೆಯ ಕೆಲಸ ಮಾಡುತ್ತಾರೆ ಅಂತ ಅದು ಒಪ್ಪಿಕೊಂಡಿತು. ಆದರೂ 1980ರ ಮೇ 30ರಂದು ದೂರನ್ನು ತಳ್ಳಿಹಾಕಿತು. ಕಾರಣ, 1975ರ ಒಪ್ಪಂದ. ಯೂನಿಯನ್ನೇ ಕೂತು ಮಾತಾಡಿ ಒಪ್ಪಿದ ಸಂಬಳ ಇದು, ಇದರಲ್ಲಿ ಹೆಣ್ಣೆಂಬ ಭೇದ ಎಲ್ಲಿದೆ ಅನ್ನುವುದು ಅದರ ನಿಲುವು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಸಂಬಳದ ಅಂತರ ಅಂದ ತಕ್ಷಣ ನಮ್ಮ ಕಣ್ಣಿಗೆ ಬರುವುದು ಜಿಪುಣ ಮಾಲೀಕ. ಆದರೆ ಈ ಅಂತರಕ್ಕೆ ನೌಕರರ ಪರವಾಗಿ ಮಾತಾಡಬೇಕಾದ ಯೂನಿಯನ್ನಿನ ರುಜುವೂ ಬಿದ್ದಿತ್ತು. ಆ ದಿನಗಳ ಯೂನಿಯನ್ನುಗಳಲ್ಲಿ ಮುಂದಾಳುಗಳು ಬಹುತೇಕ ಗಂಡಸರೇ. ಮಾತುಕತೆಯ ಮೇಜಿಗೆ ಹೋಗುವವರೂ ಅವರೇ. ಮನೆ ನಡೆಸುವವನು ಗಂಡಸು, ಹೆಂಗಸಿನದು ಮೇಲುಸಂಪಾದನೆ ಅನ್ನುವ ಮಾತು ಎರಡೂ ಕಡೆಯವರ ಮನಸ್ಸಿನಲ್ಲಿ ಕೂತಿದ್ದರೆ, ಬೇರೆ ಸಾಲಿನಲ್ಲಿರುವ ಹೆಂಗಸರ ಪರವಾಗಿ ಯಾರು ಜಗ್ಗಾಡಬೇಕು?

ಆಡ್ರೆ ಡಿಕೋಸ್ಟಾ ಮೇಲ್ಮನವಿ ಹಾಕಿದರು. ಮೇಲ್ಮನವಿ ಪ್ರಾಧಿಕಾರ 1982ರ ಮೇ 31ರಂದು ಅವರ ಪರ ಆದೇಶ ಕೊಟ್ಟಿತು. ಇಲ್ಲಿ ಭೇದ ಸ್ಪಷ್ಟವಾಗಿ ಕಾಣುತ್ತಿದೆ, ಕಂಪನಿ ಬಾಕಿ ಕೊಡಬೇಕು ಅಂದಿತು. ಬಾಕಿಯ ಮೊತ್ತ 7,196 ರೂಪಾಯಿ 67 ಪೈಸೆ.

ಕಂಪನಿ ಆ ಹಣ ಕೊಡಲಿಲ್ಲ. ಬಾಂಬೆ ಹೈಕೋರ್ಟಿಗೆ ಹೋಯಿತು. ಅಲ್ಲಿ 1986ರಲ್ಲಿ ಒಬ್ಬ ನ್ಯಾಯಮೂರ್ತಿಯ ಮುಂದೆ ಸೋತಿತು. ವಿಭಾಗೀಯ ಪೀಠಕ್ಕೆ ಹೋಯಿತು, ಅಲ್ಲೂ ಸೋತಿತು. ಕೊನೆಗೆ ಸುಪ್ರೀಂ ಕೋರ್ಟು. ಕೆಲಸ ಹೋದ ದಿನದಿಂದ ಕೊನೆಯ ತೀರ್ಪಿನ ದಿನಕ್ಕೆ ಒಂಬತ್ತು ವರ್ಷ ಒಂಬತ್ತು ತಿಂಗಳು. 7,196 ರೂಪಾಯಿಗಾಗಿ ಅಷ್ಟು ಕಾಲ ಕಾದು ನಿಲ್ಲುವ ಗಟ್ಟಿತನ ಎಲ್ಲರಿಗೂ ಇರುವುದಿಲ್ಲ, ಇರಬೇಕು ಅಂತ ಕೇಳುವುದೂ ತಪ್ಪು. ಅವರ ಜೊತೆ ಆ ಕಂಪನಿಯಲ್ಲಿ ಬೇರೆ ಲೇಡಿ ಸ್ಟೆನೋಗಳೂ ಇದ್ದರು, ಆದರೆ ಈ ಪ್ರಕರಣಕ್ಕೆ ಉಳಿದದ್ದು ಇವರೊಬ್ಬರ ಹೆಸರು.

ಸುಪ್ರೀಂ ಕೋರ್ಟಿನಲ್ಲಿ ವೆಂಕಟರಾಮಯ್ಯ ಅವರ ಜೊತೆ ಪೀಠದಲ್ಲಿದ್ದವರು ನ್ಯಾಯಮೂರ್ತಿ ಎಂ.ಎಂ. ದತ್. ತೀರ್ಪಿನಲ್ಲಿ ನನಗೆ ತುಂಬ ಇಷ್ಟವಾದದ್ದು ಅದರ ನೇರ ನೋಟ. ಎರಡು ಕೆಲಸ ಒಂದೇ ಬಗೆಯವೋ ಅಲ್ಲವೋ ಅಂತ ತೂಗುವಾಗ ಸಣ್ಣಪುಟ್ಟ ವ್ಯತ್ಯಾಸ ಹಿಡಿದು ಜಗ್ಗಬಾರದು ಅನ್ನುತ್ತದೆ. ‘ಒಂದೇ ಬಗೆಯ’ ಅಂದ ಮೇಲೆ ವಿವರದಲ್ಲಿ ವ್ಯತ್ಯಾಸ ಇದ್ದೇ ಇರುತ್ತೆ. ಆ ವ್ಯತ್ಯಾಸ ನಿಜಕ್ಕೂ ಲೆಕ್ಕಕ್ಕೆ ಬರುವಂಥದ್ದಾ ಅಂತ ನೋಡಬೇಕು. ಕಾಗದದ ಮೇಲೆ ಏನೇನು ಮಾಡಬಹುದು ಅನ್ನುವುದು ಮುಖ್ಯವಲ್ಲ, ದಿನಾ ಬಂದು ನಿಜವಾಗಿ ಏನು ಮಾಡುತ್ತಾರೆ ಅನ್ನುವುದು ಮುಖ್ಯ.

ಹಾಗೆ ನೋಡಿದಾಗ ‘ಲೇಡಿ’ ಅನ್ನುವ ಹಣೆಪಟ್ಟಿ ಕಳಚಿ ಬಿತ್ತು. ಕಂಪನಿ ಹಿರಿಯ ಅಧಿಕಾರಿಗಳ ಬಳಿ ಒಬ್ಬ ಗಂಡಸನ್ನೂ ಆ ಹುದ್ದೆಗೆ ಹಾಕುತ್ತಿರಲಿಲ್ಲ. ಆ ಹುದ್ದೆಯ ಹೆಂಗಸರನ್ನು ಗಂಡಸರಿದ್ದ ಸಾಮಾನ್ಯ ಗುಂಪಿಗೆ ವರ್ಗ ಮಾಡುತ್ತಲೂ ಇರಲಿಲ್ಲ. ಕೆಲಸ ಒಂದೇ ಅಂತ ಆದ ಮೇಲೆ ಇದರಿಂದ ಏನೂ ವ್ಯತ್ಯಾಸ ಆಗುವುದಿಲ್ಲ ಅಂತ ಕೋರ್ಟು ಹೇಳಿತು. ಹೆಂಗಸರು ಮಾಡಬಲ್ಲ ಕೆಲಸದಿಂದ ಅವರನ್ನು ಬೇಕಂತಲೇ ಆಚೆ ಇಟ್ಟು, ಬೇರೆ ಕಡೆ ಕೂರಿಸಿ ಕಮ್ಮಿ ಕೊಡುವಂಥ ಸ್ಥಿತಿಯನ್ನು ಆಡಳಿತ ಮಾಡುವಂತಿಲ್ಲ ಅಂತಲೂ ಸೇರಿಸಿತು.

ಸಂಬಳದ ಅಂತರ ಹುಟ್ಟುವ ಜಾಗ ಇದು ಅಂತ ನನ್ನ ನಂಬಿಕೆ. ಒಂದೇ ಮೇಜಿನಲ್ಲಿ ಕೂತ ಇಬ್ಬರಿಗೆ ಬೇರೆ ಬೇರೆ ಸಂಬಳ ಕೊಡಲು ಯಾರಿಗಾದರೂ ಮುಜುಗರ ಆಗುತ್ತೆ. ಅದಕ್ಕೆ ಮೊದಲು ಮೇಜು ಬೇರೆ ಮಾಡಬೇಕು, ಹುದ್ದೆಯ ಹೆಸರು ಬೇರೆ ಮಾಡಬೇಕು, ಆ ಕಡೆಯವರು ಈ ಕಡೆ ಬರದ ಹಾಗೆ ನೋಡಿಕೊಳ್ಳಬೇಕು. ಅಷ್ಟು ಆದರೆ ಕಮ್ಮಿ ಸಂಬಳ ತಾನಾಗಿ ಬಂದು ಕೂರುತ್ತದೆ. ಆಮೇಲೆ ಯಾರನ್ನು ಕೇಳಿದರೂ ‘ಅವರ ಗ್ರೇಡೇ ಬೇರೆ’ ಅಂತಾರೆ. ಯಾರೂ ಸುಳ್ಳು ಹೇಳಿದ ಹಾಗೂ ಆಗುವುದಿಲ್ಲ.

ನಮ್ಮ ಹಳ್ಳಿಗಳಲ್ಲಿ ಇದಕ್ಕೆ ಇಂಗ್ಲಿಷ್ ಹುದ್ದೆಯ ಹೆಸರು ಬೇಕಾಗಿಲ್ಲ. ಗಂಡಾಳು, ಹೆಣ್ಣಾಳು ಅನ್ನುವ ಮಾತಿದೆ. ‘ಗಂಡಾಳಿಗೆ ಎಷ್ಟು, ಹೆಣ್ಣಾಳಿಗೆ ಎಷ್ಟು?’ ಅಂತಲೇ ಕೂಲಿ ಕೇಳುವುದು. ಕೆಲಸ ಯಾವುದು ಅನ್ನುವುದಕ್ಕಿಂತ ಮುಂಚೆ ಆಳು ಯಾವುದು ಅನ್ನುವ ಪ್ರಶ್ನೆ ಬರುತ್ತದೆ. ಗದ್ದೆ ನಾಟಿ ಹೆಣ್ಣಾಳಿನದು. ಬೆಳಗ್ಗೆ ಕೆಸರಿಗೆ ಇಳಿದರೆ ಬಗ್ಗಿದ ಬೆನ್ನು ಎತ್ತುವುದು ಊಟದ ಹೊತ್ತಿಗೇ. ಬೆರಳ ಸಂದಿ ನೀರಿನಲ್ಲಿ ನೆನೆದು ಬೆಳ್ಳಗಾಗಿರುತ್ತದೆ. ಸಸಿ ಆಳಕ್ಕೆ ಹೋದರೆ ಏಳುವುದಿಲ್ಲ, ಮೇಲಾದರೆ ತೇಲುತ್ತದೆ, ಆ ಹದ ಕೈಗೆ ಗೊತ್ತಿರಬೇಕು. ಬದು ಕಡಿಯುವುದು, ಮೂಟೆ ಹೊರುವುದು ಗಂಡಾಳಿನದು, ಅದು ‘ಭಾರದ ಕೆಲಸ’. ಭಾರಕ್ಕೆ ಬೆಲೆ ಇದೆ, ಹದಕ್ಕೆ ಇಲ್ಲ. ಹಾಗಂತ ಯಾರು ತೀರ್ಮಾನ ಮಾಡಿದರು ಅಂತ ಕೇಳಿದರೆ ಹೇಳುವವರಿಲ್ಲ. ನರೇಗಾ ಕೆಲಸದಲ್ಲಿ ಮಾತ್ರ ಈ ಲೆಕ್ಕ ಮುರಿಯಿತು. ಅಲ್ಲಿ ಗಂಡಿಗೂ ಹೆಣ್ಣಿಗೂ ದಿನಗೂಲಿಯ ದರ ಒಂದೇ. 2024–25ರಲ್ಲಿ ಕರ್ನಾಟಕದಲ್ಲಿ ಅದು 349 ರೂಪಾಯಿ ಇತ್ತು.

ತೀರ್ಪಿನ ಉಳಿದ ಎರಡು ಮಾತು. ಯೂನಿಯನ್ ಒಪ್ಪಂದವೇ ಇರಲಿ, ಯಾವುದೇ ಕರಾರು ಇರಲಿ, ಅದು ಕಾಯ್ದೆಗೆ ತಲೆಬಾಗಬೇಕು. ಹಕ್ಕನ್ನು ಕಾನೂನು ಕೊಟ್ಟ ಮೇಲೆ ಬೇರೆಯವರು ಕೂತು ಅದನ್ನು ಕಮ್ಮಿ ಮಾಡಿಕೊಳ್ಳುವ ಹಾಗಿಲ್ಲ. ಎರಡನೆಯದು ಕಂಪನಿಯ ಕೊನೆಯ ವಾದಕ್ಕೆ ಬಂದ ಉತ್ತರ. ನಮ್ಮ ಹಣಕಾಸು ಚೆನ್ನಾಗಿಲ್ಲ, ಎಲ್ಲರಿಗೂ ಸಮ ಕೊಡಲು ಆಗುವುದಿಲ್ಲ ಅಂತ ಕಂಪನಿ ಹೇಳಿತ್ತು. ಈ ಕಾಯ್ದೆ ಅನ್ವಯವಾಗುವುದು ಕೊಡುವವರ ಶಕ್ತಿ ನೋಡಿ ಅಲ್ಲ ಅಂತ ಕೋರ್ಟು ಸ್ಪಷ್ಟವಾಗಿ ಹೇಳಿತು. ಹಣ ಕಮ್ಮಿ ಇದ್ದರೆ ಆ ಕೊರತೆಯನ್ನು ಹೆಂಗಸರ ಸಂಬಳದಿಂದಲೇ ಯಾಕೆ ತುಂಬಿಸಬೇಕು? ಕಂಪನಿಯ ಅರ್ಜಿ ವಜಾ ಆಯಿತು.

ಇದನ್ನು ಓದಿ ಎಲ್ಲ ಸರಿಹೋಯಿತು ಅಂದುಕೊಳ್ಳುವ ಹಾಗಿಲ್ಲ. ಇದೇ ಸುಪ್ರೀಂ ಕೋರ್ಟು 1981ರಲ್ಲಿ ಏರ್ ಇಂಡಿಯಾದ ಗಗನಸಖಿಯರ ಪ್ರಕರಣದಲ್ಲಿ ಬೇರೆ ದಾರಿ ಹಿಡಿದಿತ್ತು. ವಿಮಾನದಲ್ಲಿ ಪ್ರಯಾಣಿಕರನ್ನು ನೋಡಿಕೊಳ್ಳುವ ಗಂಡಸರಿಗೆ ನಿವೃತ್ತಿ 58ಕ್ಕೆ. ಹೆಂಗಸರು ಮಾಮೂಲಿಯಾಗಿ 35ಕ್ಕೆ ಇಳಿಯಬೇಕು. ಮೊದಲ ಬಸಿರಾದರೆ ಅದಕ್ಕೂ ಮುಂಚೆ. ಬಸಿರಾದರೆ ಕೆಲಸ ಬಿಡಬೇಕು ಅನ್ನುವ ನಿಯಮವನ್ನು ಕೋರ್ಟು ಕಿತ್ತುಹಾಕಿತು, ನಿಜ. ಆದರೆ ಗಗನಸಖಿಯರದು ಪ್ರತ್ಯೇಕ ವರ್ಗ, ಗಂಡಸರ ವರ್ಗದ ಜೊತೆ ಹೋಲಿಸಲಾಗದು ಅನ್ನುವುದನ್ನು ಒಪ್ಪಿಕೊಂಡಿತು. ಈ ವ್ಯತ್ಯಾಸಕ್ಕೆ ಲಿಂಗ ಕಾರಣವಲ್ಲ, ಸೇವಾ ನಿಯಮಗಳು ಕಾರಣ ಅಂತ ಕೇಂದ್ರ ಸರ್ಕಾರ 1979ರಲ್ಲಿ ಇದೇ ಸಮಾನ ವೇತನ ಕಾಯ್ದೆಯಡಿ ಘೋಷಣೆ ಹೊರಡಿಸಿತ್ತು. ಭೇದ ಮಾಡಬೇಡಿ ಅನ್ನುವ ಕಾಯ್ದೆಯಲ್ಲೇ ಇದು ಭೇದವಲ್ಲ ಅಂತ ಹೇಳಲು ಒಂದು ಬಾಗಿಲಿತ್ತು. ಆರು ವರ್ಷದ ಅಂತರದಲ್ಲಿ ಬಂದ ಎರಡು ತೀರ್ಪುಗಳಲ್ಲಿ ಒಂದು ಹುದ್ದೆಯ ಹೆಸರನ್ನು ನಂಬಿತು. ಇನ್ನೊಂದು ಕೈ ಮಾಡುವ ಕೆಲಸವನ್ನು ನೋಡಿತು. ನಾನು ಎರಡನೆಯದರ ಪರ.

ಕಾಯ್ದೆಯ ಇನ್ನೊಂದು ಕೊರತೆ ನಿಧಾನವಾಗಿ ತುಂಬಿತು. ಮೊದಲಿಗೆ ಅದು ಸಂಬಳ ಮತ್ತು ನೇಮಕಾತಿಯಲ್ಲಿ ಮಾತ್ರ ಭೇದ ಬೇಡ ಅನ್ನುತ್ತಿತ್ತು. ಬಡ್ತಿ, ತರಬೇತಿ, ವರ್ಗಾವಣೆ ಸೇರಿದ್ದು 1987ರ ತಿದ್ದುಪಡಿಯಲ್ಲಿ. ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ದಾಟಲು ಬಿಡದೇ ಇರುವುದು ಎಷ್ಟು ದೊಡ್ಡ ಕಾರಣ ಅಂತ ಲೇಡಿ ಸ್ಟೆನೋಗಳ ಕಥೆಯೇ ಹೇಳುತ್ತದೆ. ಬೆಂಗಳೂರಿನ ಗಾರ್ಮೆಂಟ್ಸ್ ಫ್ಯಾಕ್ಟರಿಗಳ ಗೇಟಿನ ಮುಂದೆ ಸಂಜೆ ನಿಂತು ನೋಡಿ. ಹೊರಗೆ ಬರುವವರು ಹೆಚ್ಚಿನವರು ಹೆಂಗಸರೇ. ಒಳಗೆ ಲೈನಿನ ಮೇಲೆ ನಿಂತು ಕೂಗಾಡುವ ಸೂಪರ್‌ವೈಸರು ಬಹಳ ಕಡೆ ಗಂಡಸು. ಹೊಲಿಗೆ ಯಂತ್ರದ ಮುಂದೆ ವರ್ಷಗಟ್ಟಲೆ ಕೂತವರು ಅಲ್ಲೇ ಕೂತಿರುತ್ತಾರೆ.

ಈ ಕಾಯ್ದೆ ಈಗ 2019ರ ವೇತನ ಸಂಹಿತೆಯೊಳಗೆ ಸೇರಿಕೊಂಡಿದೆ. ಅಲ್ಲೂ ಹೋಲಿಕೆಯ ಅಳತೆಗೋಲು ಅದೇ. ಕೆಲಸ ಅದೇ ಇರಬೇಕು, ಇಲ್ಲವೇ ಒಂದೇ ಬಗೆಯದಿರಬೇಕು. ಭಾರತ 1958ರಲ್ಲಿ ಒಪ್ಪಿದ ಒಪ್ಪಂದದ ಮಾತು ಇದಕ್ಕಿಂತ ದೊಡ್ಡದು. ಅದು ಹೇಳುವುದು ‘ಸಮಾನ ಬೆಲೆಯ ಕೆಲಸ’ ಅಂತ. ಆಡ್ರೆ ಡಿಕೋಸ್ಟಾ ಗೆದ್ದದ್ದು ಅದೇ ಕಂಪನಿಯಲ್ಲಿ ಹೋಲಿಸಿ ತೋರಿಸಲು ಗಂಡು ಸ್ಟೆನೋಗಳು ಇದ್ದರು ಅಂತ. ಒಂದು ಕೆಲಸದಲ್ಲಿ ಗಂಡಸರೇ ಇಲ್ಲದಿದ್ದರೆ ಯಾರ ಜೊತೆ ಹೋಲಿಸುವುದು?

ಅಂಥ ಕೆಲಸಕ್ಕೆ ದೂರ ಹೋಗಬೇಕಾಗಿಲ್ಲ. ಸಮಾನ ವೇತನದ ಸುಗ್ರೀವಾಜ್ಞೆ ಬಂದದ್ದು 1975ರ ಸೆಪ್ಟೆಂಬರ್ 26ಕ್ಕೆ ಅಂದೆನಲ್ಲ. ಅದಾದ ಆರೇ ದಿನಕ್ಕೆ, ಅಕ್ಟೋಬರ್ 2ರಂದು, ಅದೇ ಕೇಂದ್ರ ಸರ್ಕಾರ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರು ಮಾಡಿತು. ಮೊದಲು ಆರಿಸಿದ್ದು ದೇಶದ 33 ಕಡೆ. ಕರ್ನಾಟಕದಲ್ಲಿ ಮೈಸೂರು ಜಿಲ್ಲೆಯ ಟಿ. ನರಸೀಪುರ. ಅಂಗನವಾಡಿ ಅಲ್ಲಿಂದ ಬೆಳೆಯಿತು. ಕೆಲಸ ಹೆಂಗಸರಿಗೆ ಮಾತ್ರ. ಅದಕ್ಕೆ ಕೊಡುವ ಹಣಕ್ಕೆ ಸಂಬಳ ಅನ್ನುವ ಹೆಸರಿಲ್ಲ, ‘ಗೌರವಧನ’ ಅನ್ನುತ್ತಾರೆ.

ಒಂದು ಅಂಗನವಾಡಿಗೆ ಬೆಳಗ್ಗೆ ಹೋಗಿ ನೋಡಿ. ಒಬ್ಬರೇ ಟೀಚರಮ್ಮ. ಒಂದು ಕೈಯಲ್ಲಿ ಮೂಗು ಸೋರುವ ಮಗು, ಇನ್ನೊಂದರಲ್ಲಿ ತೂಕದ ಪುಸ್ತಕ. ಮಕ್ಕಳಿಗೆ ಹಾಡು ಹೇಳಿಕೊಡಬೇಕು, ಊಟ ಹಾಕಬೇಕು, ಬಸುರಿಯರ ಪಟ್ಟಿ ಬರೆಯಬೇಕು, ಮನೆ ಮನೆಗೆ ಹೋಗಬೇಕು, ಫೋನಿನಲ್ಲಿ ಲೆಕ್ಕ ತುಂಬಬೇಕು. ಇದರಲ್ಲಿ ಮೇಷ್ಟರ ಕೆಲಸ ಇದೆ, ಗುಮಾಸ್ತರ ಕೆಲಸ ಇದೆ, ಅಡುಗೆ ಮನೆಯ ಲೆಕ್ಕವೂ ಇದೆ. ಆದರೆ ಇದನ್ನು ತಾಯ್ತನದ ಮುಂದುವರಿಕೆ ಅಂತ ಮೊದಲೇ ತೀರ್ಮಾನ ಮಾಡಿಬಿಟ್ಟಿದ್ದಾರೆ. ಕೇಂದ್ರ ಸರ್ಕಾರ 2018ರಲ್ಲಿ ಕಾರ್ಯಕರ್ತೆಯ ಗೌರವಧನವನ್ನು ತಿಂಗಳಿಗೆ 3,000ದಿಂದ 4,500 ರೂಪಾಯಿಗೆ ಏರಿಸಿತು. ಅದರ ಮೇಲೆ ರಾಜ್ಯಗಳು ತಮ್ಮ ಪಾಲು ಸೇರಿಸುತ್ತವೆ.

ಇವರು ಸರ್ಕಾರಿ ನೌಕರರೇ ಅನ್ನುವ ಪ್ರಶ್ನೆಯೂ ಕೋರ್ಟಿಗೆ ಹೋಗಿದೆ. ಅದೂ ನಮ್ಮ ರಾಜ್ಯದಿಂದಲೇ. ಕರ್ನಾಟಕ ಸರ್ಕಾರ ಕಕ್ಷಿಯಾಗಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2006ರ ಡಿಸೆಂಬರಿನಲ್ಲಿ ಇಲ್ಲ ಅಂದಿತು. ಅಂಗನವಾಡಿ ಕಾರ್ಯಕರ್ತೆಯರದು ಸರ್ಕಾರಿ ಹುದ್ದೆಯಲ್ಲ, ಯೋಜನೆಯಡಿಯ ಕೆಲಸ ಅನ್ನುವುದು ಅದರ ತೀರ್ಮಾನ. ಮತ್ತೆ 2022ರ ಏಪ್ರಿಲ್ 25ರಂದು ಗುಜರಾತಿನ ಕಾರ್ಯಕರ್ತೆಯರ ಪ್ರಕರಣದಲ್ಲಿ ಅದೇ ಕೋರ್ಟು ಈ ಹೆಂಗಸರಿಗೆ ಗ್ರಾಚ್ಯುಯಿಟಿ, ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷ ಲೆಕ್ಕ ಹಾಕಿ ಕೊಡುವ ಇಡಿಗಂಟು, ಸಿಗಬೇಕು ಅಂತ ಹೇಳಿತು. ಅವರಿಗೆ ಕೊಡುವ ಗೌರವಧನ ಗ್ರಾಚ್ಯುಯಿಟಿ ಕಾಯ್ದೆಯ ಪ್ರಕಾರ ವೇತನವೇ ಅಂತ ಆ ತೀರ್ಪಿನಲ್ಲಿ ಬರೆದಿದೆ.